ಪಾತ್ ಆಫ್ ಎಕ್ಸೈಲೋ, ಫೈನಲ್ ಫ್ಯಾಂಟಸಿ 14ಓ? ಮೊದಲು ಪಿಂಗ್ (ಸರ್ವರ್ ಉತ್ತರ ಬರಲು ಹಿಡಿಯುವ ಸಮಯ) ನೋಡಿ

ಆಕ್ಷನ್ ಆರ್‌ಪಿಜಿ (ಪಾತ್ರವನ್ನು ಬೆಳೆಸುತ್ತಾ ಹೊಡೆದಾಡುವ ಆಟ) ಪಾತ್ ಆಫ್ ಎಕ್ಸೈಲ್‌ನಲ್ಲಿ ಒಂದು ಮ್ಯಾಪ್ (ಹಂತ) ಮುಗಿಸಿ ಎದ್ದುಬಿಡಬಹುದು, ಯಾರಿಗೂ ತೊಂದರೆಯಿಲ್ಲ. ಎಂಎಂಒ (ಬಹಳ ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟ) ಆದ ಫೈನಲ್ ಫ್ಯಾಂಟಸಿ 14ರ ಡಂಜನ್‌ಗೆ (ಗುಂಪಾಗಿ ಶತ್ರುಗಳನ್ನು ಎದುರಿಸುವ ಹಂತ) ನಾಲ್ವರು ಬೇಕು: ಏಟು ತಡೆಯುವ ಒಬ್ಬ ಟ್ಯಾಂಕ್, ಗಾಯ ವಾಸಿಮಾಡುವ ಒಬ್ಬ ಹೀಲರ್, ಹೊಡೆಯುವ ಇಬ್ಬರು ಡಿಪಿಎಸ್. ಮಧ್ಯೆ ಕರೆಂಟ್ ಹೋದರೆ ಉಳಿದ ಮೂವರ ಶಾಪ ಗ್ಯಾರಂಟಿ. ಆ ಭಯವಿದ್ದರೆ ಮುಖ್ಯ ಕಥೆಯ ಡಂಜನ್‌ಗಳನ್ನು ಡ್ಯೂಟಿ ಸಪೋರ್ಟ್‌ನಲ್ಲಿ ಕಂಪ್ಯೂಟರ್ ಪಾತ್ರಗಳ ಜೊತೆಗೇ ಆಡಿ.

ನೆಟ್ ನಿಧಾನವಿದ್ದರೆ ಎಕ್ಸೈಲ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕಿಂಗ್ ಮೋಡ್ ‘ಪ್ರಿಡಿಕ್ಟಿವ್’ ಮಾಡಿ. ‘ಲಾಕ್‌ಸ್ಟೆಪ್’ ಪ್ರತಿ ಹೆಜ್ಜೆಗೂ ಸರ್ವರ್ ಉತ್ತರಕ್ಕೆ ಕಾಯುತ್ತದೆ, ಹಾಗಾಗಿ ಪಾತ್ರ ತಡೆತಡೆದು ಓಡುತ್ತದೆ. ಪ್ರಿಡಿಕ್ಟಿವ್‌ನಲ್ಲಿ ಓಟ ಸಲೀಸು, ಆದರೆ ಶತ್ರು ಕಾಣುವ ಜಾಗ ಒಮ್ಮೊಮ್ಮೆ ಸುಳ್ಳು.

ಫೈನಲ್ ಫ್ಯಾಂಟಸಿಯಲ್ಲಿ ಮುಖ್ಯ ಕೌಶಲಗಳ ನಡುವೆ ಸುಮಾರು 2.5 ಸೆಕೆಂಡ್ ಅಂತರವಿರುವುದರಿಂದ ಪಿಂಗ್ ಅಷ್ಟು ಕಾಡುವುದಿಲ್ಲ. ಆದರೆ ನೆಲದ ಮೇಲೆ ಕಾಣುವ ಕಿತ್ತಳೆ ಗುರುತಿನ ಏಟು ನಿರ್ಧಾರವಾಗುವುದು ಶತ್ರುವಿನ ಕಾಸ್ಟ್ ಬಾರ್ (ದಾಳಿಯ ತಯಾರಿ ತೋರಿಸುವ ಪಟ್ಟಿ) ತುಂಬಿದಾಗ, ಸ್ಫೋಟ ಕಂಡಾಗ ಅಲ್ಲ. ಬಾರ್ ತುಂಬುವ ಮೊದಲೇ ಗುರುತಿನಿಂದ ಹೊರಗಿರಿ.

ದುಡ್ಡಿನ ವಿಷಯ: ಎಕ್ಸೈಲ್ ಉಚಿತ, ಆದರೆ ಸ್ಟ್ಯಾಶ್ ಟ್ಯಾಬ್ (ವಸ್ತುಗಳನ್ನಿಡುವ ಪೆಟ್ಟಿಗೆ) ಬೇಗ ತುಂಬುತ್ತದೆ. ಫೈನಲ್ ಫ್ಯಾಂಟಸಿಯ ಉಚಿತ ಟ್ರಯಲ್‌ಗೆ ದಿನಗಳ ಮಿತಿಯಿಲ್ಲ. ಅವಸರದಲ್ಲಿ ಪೂರ್ಣ ಆಟ ಕೊಳ್ಳಬೇಡಿ. ಕೊಂಡ ಮೇಲೆ ಆ ಖಾತೆ ಮತ್ತೆ ಟ್ರಯಲ್‌ಗೆ ಮರಳದು, ತಿಂಗಳ ಚಂದಾ ಕಟ್ಟಲೇಬೇಕು.