ಮನೆಯ ಮ್ಯೂಸಿಕ್ ಸರ್ವರ್: ಪೆಟ್ಟಿಗೆಗಿಂತ ಮೊದಲು ಸಂಗ್ರಹ

ಹಾಡುಗಳ ಫೈಲುಗಳನ್ನು ಒಂದೆಡೆ ಇಟ್ಟುಕೊಂಡು ಮನೆಯಲ್ಲಿ ನುಡಿಸಲು ಒದಗಿಸುವ ಪೆಟ್ಟಿಗೆಯೇ ಮ್ಯೂಸಿಕ್ ಸರ್ವರ್. ನನ್ನ ಮೊದಲನೆಯದು ಕೆಟ್ಟಿರಲಿಲ್ಲ. ದೀಪ ಉರಿಯುತ್ತಿತ್ತು, ಹಾರ್ಡ್ ಡಿಸ್ಕ್ ತಿರುಗುತ್ತಿತ್ತು. ಅದನ್ನು ನಡೆಸುವ ಆ್ಯಪ್ ಮಾತ್ರ ಹೊಸ ಫೋನಿನಲ್ಲಿ ತೆರೆಯಲೇ ಇಲ್ಲ. ತಯಾರಕರು ಅದರ ಕೆಲಸವನ್ನು ಕೈಬಿಟ್ಟಿದ್ದರು. ಡಿಸ್ಕನ್ನು ಕಳಚಿ ಕಂಪ್ಯೂಟರಿಗೆ ಜೋಡಿಸಿದೆ. ಹಾಡುಗಳೇನೋ ಸಿಕ್ಕವು, ಆದರೆ ಫೈಲುಗಳ ಹೆಸರು ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂದಷ್ಟೇ ಇತ್ತು. ಮೂರು ವರ್ಷ ಸಂಜೆಹೊತ್ತು ಕುಳಿತು ತುಂಬಿಸಿದ್ದ ಗಾಯಕರ, ಪಕ್ಕವಾದ್ಯದವರ, ರಚನಕಾರರ ಹೆಸರುಗಳೆಲ್ಲ ಆ ಪೆಟ್ಟಿಗೆಯ ಸ್ವಂತ ಡೇಟಾಬೇಸಿನಲ್ಲಿ ಉಳಿದುಹೋಗಿದ್ದವು. ಒಂದು ಹೆಸರೂ ಫೈಲಿನೊಳಗೆ ಇಳಿದಿರಲಿಲ್ಲ.

ಅಂದು ಆದ ಸಂಕಟ ಎರಡನೆಯ ಆಯ್ಕೆಯ ದಾರಿಯನ್ನೇ ಬದಲಿಸಿತು. ಯಾವುದು ಚೆನ್ನಾಗಿ ಕೇಳಿಸುತ್ತದೆ ಎಂದು ನೋಡುವ ಮೊದಲೇ, ನಾಳೆ ಇದು ನಿಂತುಹೋದರೆ ನನ್ನ ಸಂಗ್ರಹ ಇದ್ದ ಹಾಗೆಯೇ ಬೇರೆಡೆಗೆ ಹೋಗಬಲ್ಲುದೇ ಎಂದು ಕೇಳಿಕೊಂಡೆ. ಹಾಗಾಗಿ ಸರ್ವರ್ ಹುಡುಕುವುದನ್ನು ಬದಿಗಿಟ್ಟು ಸಿಡಿಗಳನ್ನು ಮತ್ತೆ ಕೈಗೆತ್ತಿಕೊಂಡೆ.

ನನ್ನಲ್ಲಿ 620 ಸಿಡಿಗಳಿವೆ. ಹಳೆಯ ಪೆಟ್ಟಿಗೆ ಅವನ್ನು ಚಕಚಕನೆ ಓದಿ ಮುಗಿಸಿತ್ತು, ಓದಿದ್ದು ಸರಿಯೋ ತಪ್ಪೋ ತಿಳಿಯುವ ಉಪಾಯವಿರಲಿಲ್ಲ. ಈ ಸಲ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಬಳಸಿದೆ. ಅನುಮಾನ ಬಂದ ಭಾಗವನ್ನು ಅದು ಮತ್ತೆ ಮತ್ತೆ ಓದುತ್ತದೆ. ಕೊನೆಗೆ ಪ್ರತಿ ಟ್ರ್ಯಾಕಿನ ದತ್ತಾಂಶದಿಂದ ಲೆಕ್ಕಹಾಕುವ ಗುರುತುಸಂಖ್ಯೆಯಾದ ಚೆಕ್‌ಸಮ್ ತೆಗೆದು, ಅದೇ ಸಿಡಿಯನ್ನು ಬೇರೆಯವರು ಓದಿಸಿದಾಗ ಅಕ್ಯುರೇಟ್‌ರಿಪ್ ಸಂಗ್ರಹದಲ್ಲಿ ದಾಖಲಾದ ಚೆಕ್‌ಸಮ್‌ನೊಡನೆ ತಾಳೆ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ಇನ್ನು ಸಂಶಯಕ್ಕೆ ಎಡೆಯಿಲ್ಲ. ಗೀರು ಬಿದ್ದ ಒಂದು ಸಿಡಿಯ ಏಳನೆಯ ಟ್ರ್ಯಾಕಿಗೆ ನಲವತ್ತು ನಿಮಿಷ ಹಿಡಿಯಿತು; ಕೊನೆಗೂ ತಾಳೆಯಾದಾಗ ಆದ ಸಂತೋಷ ದೊಡ್ಡದು. ದಿನಕ್ಕೆ ಐದಾರರಂತೆ ನಾಲ್ಕು ತಿಂಗಳ ಕೆಲಸವಾಯಿತು.

ಎಲ್ಲವನ್ನೂ ಫ್ಲ್ಯಾಕ್ ರೂಪದಲ್ಲಿಟ್ಟೆ. ಸಿಡಿಯ ಧ್ವನಿ 16 ಬಿಟ್, 44.1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಅದನ್ನು ಹೆಚ್ಚುಕಡಿಮೆ ಅರ್ಧದಷ್ಟು ಜಾಗದಲ್ಲಿ ಮಡಚಿಡುತ್ತದೆ, ಬಿಚ್ಚಿದಾಗ ಒಂದು ಬಿಟ್ ಕೂಡ ಕಡಿಮೆಯಾಗಿರುವುದಿಲ್ಲ. ಇಡೀ ಸಂಗ್ರಹ ಸುಮಾರು 210 ಗಿಗಾಬೈಟ್ ಆಯಿತು. ವೇವ್ ಫೈಲಿನಲ್ಲೂ ಧ್ವನಿ ಅದೇ, ಆದರೆ ಅದರೊಳಗೆ ಬರೆದ ಹೆಸರುಗಳನ್ನು ಎಲ್ಲ ತಂತ್ರಾಂಶಗಳೂ ಒಂದೇ ರೀತಿ ಓದುವುದಿಲ್ಲ. ಒಮ್ಮೆ ಹೆಸರು ಕಳೆದುಕೊಂಡವನಿಗೆ ಅದು ಒಪ್ಪುವ ಮಾತಲ್ಲ.

ನಡುವೆ ಒಂದು ವಿಚಿತ್ರ ಎದುರಾಯಿತು. 1980ರ ದಶಕದ ಒಂದು ಪಿಟೀಲು ಸಿಡಿ ಹಳೆಯ ಪ್ಲೇಯರಿನಲ್ಲಿ ಬೆಣ್ಣೆಯಂತೆ ಕೇಳಿಸುತ್ತದೆ, ಅದರದೇ ಫೈಲು ಕಿವಿಗೆ ಚುಚ್ಚುತ್ತದೆ. ಚೆಕ್‌ಸಮ್ ಸರಿಯಾಗಿಯೇ ಇತ್ತು. ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಸಿಡಿಯ ಟ್ರ್ಯಾಕುಗಳ ವಿವರವಿರುವ ‘ಕ್ಯೂ ಶೀಟ್’ ಎಂಬ ಪುಟ್ಟ ಫೈಲಿನಲ್ಲಿ ‘ಪ್ರಿ’ ಎಂಬ ಪುಟ್ಟ ಗುರುತು ಕಣ್ಣಿಗೆ ಬಿತ್ತು. ಆರಂಭದ ಕಾಲದ ಕೆಲವು ಸಿಡಿಗಳಲ್ಲಿ ಮೇಲಿನ ಆವರ್ತನಗಳನ್ನು ಬೇಕೆಂದೇ ಎತ್ತರಿಸಿ ಮುದ್ರಿಸುತ್ತಿದ್ದರು. ಇದಕ್ಕೆ ಪ್ರಿ-ಎಂಫಸಿಸ್ ಎಂದು ಹೆಸರು. ಸಿಡಿ ಪ್ಲೇಯರ್ ಆ ಗುರುತನ್ನು ಕಂಡು ಅಷ್ಟನ್ನೇ ತಗ್ಗಿಸಿ ನುಡಿಸುತ್ತದೆ. ಸಿಡಿಯಿಂದ ಕಂಪ್ಯೂಟರಿಗೆ ಇಳಿಸಿದ ಫೈಲಿನಲ್ಲಿ ಎತ್ತರಿಸಿದ್ದು ಹಾಗೆಯೇ ಉಳಿಯುತ್ತದೆ, ತಗ್ಗಿಸುವವರು ಇಲ್ಲ. ಸಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಸರಿಪಡಿಸುವ ಆದೇಶವೇ ಇದೆ. ಅದನ್ನು ಓಡಿಸಿದೆ, ಪಿಟೀಲು ಮತ್ತೆ ಪಿಟೀಲಾಯಿತು. ನನ್ನ ಸಂಗ್ರಹದಲ್ಲಿ ಇಂಥವು ಒಂಬತ್ತು ಸಿಕ್ಕವು. ‘ಡಿಜಿಟಲ್ ಧ್ವನಿ ಕರ್ಕಶ’ ಎಂದು ಯಾರಾದರೂ ಹಳೆಯ ಸಿಡಿಯ ಫೈಲನ್ನು ತೋರಿಸಿದರೆ ನಾನು ಮೊದಲು ಈ ಗುರುತನ್ನು ಹುಡುಕುತ್ತೇನೆ.

ಹೆಸರುಗಳನ್ನು ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಎಂಬ ತಂತ್ರಾಂಶದ ಮೂಲಕ ಫೈಲಿನೊಳಗೇ ಬರೆದೆ. ಇಲ್ಲಿ ‘ಆಲ್ಬಮ್ ಆರ್ಟಿಸ್ಟ್’ ಎಂಬ ಒಂದು ಅಂಕಣದ ಬಗ್ಗೆ ಒತ್ತಿ ಹೇಳಬೇಕು. ಹನ್ನೆರಡು ಮಂದಿ ಹಾಡಿದ ಒಂದು ಆಲ್ಬಮ್‌ನಲ್ಲಿ ಈ ಅಂಕಣ ಖಾಲಿ ಬಿಟ್ಟರೆ ಹಲವು ಸರ್ವರ್‌ಗಳು ಅದನ್ನು ಹನ್ನೆರಡು ಆಲ್ಬಮ್‌ಗಳಾಗಿ ಹರಿದು ಹಾಕುತ್ತವೆ. ಅಲ್ಲಿ ‘ವಿವಿಧ ಕಲಾವಿದರು’ ಎಂದು ತುಂಬಿದರೆ ಒಂದಾಗಿ ನಿಲ್ಲುತ್ತದೆ. ಒಬ್ಬರದೇ ಹೆಸರನ್ನು ಮೂರು ಬಗೆಯ ಕಾಗುಣಿತದಲ್ಲಿ ಬರೆದರೆ ಮೂವರಾಗುತ್ತಾರೆ. ಕಾಗುಣಿತಕ್ಕೆ ನನ್ನದೇ ಒಂದು ಪಟ್ಟಿ ಮಾಡಿಟ್ಟುಕೊಂಡೆ.

ಇಷ್ಟಾದ ಮೇಲೆ ಸರ್ವರ್ ಆರಿಸುವುದು ಹಗುರವಾಯಿತು. ಸಂಗ್ರಹ ಸಿದ್ಧವಿದ್ದುದರಿಂದ ತಂತ್ರಾಂಶಗಳನ್ನು ಒಂದೊಂದಾಗಿ ಅದರ ಮೇಲೆಯೇ ಓಡಿಸಿ ನೋಡಿದೆ. ಮೊದಲು ಡಿಎಲ್‌ಎನ್‌ಎ. ಮನೆಯ ನೆಟ್‌ವರ್ಕಿನಲ್ಲಿ ಹಾಡು ಹಂಚುವ ಒಂದು ವಿಧಾನವಿದು. ಅನೇಕ ಟಿವಿ, ಆಂಪ್ಲಿಫೈಯರ್‌ಗಳಿಗೆ ಇದರ ಪರಿಚಯ ಇರುವುದು ದೊಡ್ಡ ಅನುಕೂಲ. ನಾನು ಇಟ್ಟ ಪರೀಕ್ಷೆ ಒಂದು ಕಛೇರಿಯ ಧ್ವನಿಮುದ್ರಣ. ಅದರಲ್ಲಿ ಮೂರನೆಯ ಟ್ರ್ಯಾಕಿನ ಚಪ್ಪಾಳೆ ನಾಲ್ಕನೆಯದರೊಳಗೆ ಹರಿಯುತ್ತದೆ, ಅದರ ಮೇಲೆಯೇ ತಂಬೂರಿ ಏಳುತ್ತದೆ. ನನ್ನ ಆಂಪ್ಲಿಫೈಯರ್‌ನಲ್ಲಿ ಮುಂದಿನ ಟ್ರ್ಯಾಕನ್ನು ಮೊದಲೇ ತರಿಸಿಟ್ಟುಕೊಳ್ಳುವ ಸೌಲಭ್ಯವಿರಲಿಲ್ಲ. ನಲ್ಲಿ ಕಟ್ಟಿ ಮತ್ತೆ ಬಿಟ್ಟ ಹಾಗೆ ಚಪ್ಪಾಳೆ ತುಂಡಾಯಿತು, ಸಭಾಂಗಣವೇ ಒಂದು ಕ್ಷಣ ಮಾಯವಾಯಿತು. ಟ್ರ್ಯಾಕುಗಳ ನಡುವೆ ಸಂದಿ ಬೀಳದ ಈ ‘ಗ್ಯಾಪ್‌ಲೆಸ್’ ಗುಣ ಇಲ್ಲದ ಸರ್ವರ್ ಎಷ್ಟು ಚೆಂದವಿದ್ದರೂ ನನಗೆ ಬೇಡ.

ರೂನ್ ಎಂಬ ತಂತ್ರಾಂಶವನ್ನು ಎರಡು ವಾರ ಬಳಸಿದೆ. ಕಲಾವಿದರ ಪರಿಚಯ, ಒಂದೇ ರಚನೆಯ ಬೇರೆ ಬೇರೆ ಧ್ವನಿಮುದ್ರಣಗಳ ಕೊಂಡಿ ಎಲ್ಲವೂ ಬಹಳ ಚೆಂದ. ಅದು ಮೂಲ ಫೈಲುಗಳನ್ನು ಮುಟ್ಟುವುದಿಲ್ಲ, ನಾವು ಮಾಡಿದ ತಿದ್ದುಪಡಿಗಳನ್ನು ತನ್ನ ಡೇಟಾಬೇಸಿನಲ್ಲೇ ಇಡುತ್ತದೆ. ಬಹಳ ಜನರಿಗೆ ಇದು ಒಳ್ಳೆಯ ಗುಣವೇ. ನನ್ನ ಗಾಯ ಮಾತ್ರ ಬೇರೆ ಬಗೆಯದು.

ಕೊನೆಗೆ ನಿಂತದ್ದು ಲಿರಿಯಾನ್ ಮ್ಯೂಸಿಕ್ ಸರ್ವರ್. ಸ್ಕ್ವೀಝ್‌ಬಾಕ್ಸ್ ಎಂಬ ಪ್ಲೇಯರುಗಳನ್ನು ನಡೆಸುತ್ತಿದ್ದ ತಂತ್ರಾಂಶವಿದು. ಅವನ್ನು ತಯಾರಿಸುತ್ತಿದ್ದ ಸ್ಲಿಮ್ ಡಿವೈಸಸ್ ಸಂಸ್ಥೆಯನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು, 2012ರಲ್ಲಿ ಸ್ಕ್ವೀಝ್‌ಬಾಕ್ಸ್ ತಯಾರಿಕೆ ನಿಂತಿತು. ಮೂಲಸಂಕೇತ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಇಂದಿಗೂ ಬೆಳೆಸುತ್ತಿದ್ದಾರೆ. ಪೆಟ್ಟಿಗೆ ಹೋದರೂ ಉಳಿದುಕೊಂಡ ಈ ತಂತ್ರಾಂಶದ ಮೇಲೆ ನನಗೆ ನಂಬಿಕೆ ಹುಟ್ಟಿತು. ಫೈಲಿನೊಳಗಿನ ಹೆಸರುಗಳನ್ನು ಅದು ಹಾಗೆಯೇ ಓದಿಕೊಳ್ಳುತ್ತದೆ, ಚಪ್ಪಾಳೆಯನ್ನು ತುಂಡರಿಸಲಿಲ್ಲ.

ಧ್ವನಿಯ ವಿಷಯವಾಗಿ ನನ್ನ ಅಭಿಪ್ರಾಯ ಖಚಿತ. ಅಸಿಂಕ್ರೋನಸ್ ಯುಎಸ್‌ಬಿ ಇರುವ ಡ್ಯಾಕ್ (ಬಿಟ್‌ಗಳನ್ನು ಧ್ವನಿಯ ಸಂಕೇತವಾಗಿಸುವ ಸಾಧನ) ತನ್ನದೇ ಗಡಿಯಾರದ ಲಯಕ್ಕೆ ಬಿಟ್‌ಗಳನ್ನು ಕೇಳಿ ಪಡೆಯುತ್ತದೆ. ಸರ್ವರ್ ಅವನ್ನು ಹೊತ್ತಿಗೆ ಸರಿಯಾಗಿ ಒದಗಿಸಿದರೆ ಅದರ ಪಾಲಿನ ಕೆಲಸ ಮುಗಿಯಿತು. ಲ್ಯಾಪ್‌ಟಾಪ್ ಒಂದು ಕಡೆ, ಸರ್ವರ್ ಒಂದು ಕಡೆ ಇಟ್ಟು, ಎರಡನ್ನೂ ಒಂದೇ ಡ್ಯಾಕ್‌ಗೆ ಒಂದೇ ಮಟ್ಟದ ಧ್ವನಿಯಲ್ಲಿ ಕೊಟ್ಟು, ನಾನು ನೋಡದಂತೆ ಗೆಳೆಯರೊಬ್ಬರು ಬದಲಿಸುತ್ತಾ ಹೋದರು. ಇಪ್ಪತ್ತು ಸಲದಲ್ಲಿ ಹನ್ನೊಂದು ಸಲ ಸರಿಯಾಗಿ ಹೇಳಿದೆ. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಆದರೆ ಫ್ಯಾನಿನ ಸದ್ದು, ಹಾರ್ಡ್ ಡಿಸ್ಕಿನ ಕಿಟಿಕಿಟಿ ನಿಜವಾಗಿಯೂ ಕೇಳಿಸುತ್ತವೆ, ಮೆಲ್ಲನೆಯ ಆಲಾಪದಲ್ಲಿ ಬಹಳವೇ ಕಾಡುತ್ತವೆ. ಸರ್ವರಿಗೆ ಹಾಕುವ ಹಣವನ್ನು ಸ್ಪೀಕರಿಗೆ ಹಾಕುವುದು ಮೇಲು ಎಂದೇ ನನ್ನ ಸಲಹೆ.

ಆದ್ದರಿಂದ ಫ್ಯಾನಿಲ್ಲದ ಒಂದು ಸಣ್ಣ ಕಂಪ್ಯೂಟರಿಗೆ ಒಂದು ಟೆರಾಬೈಟಿನ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿ ಬೇರೆ ಕೋಣೆಯಲ್ಲಿಟ್ಟೆ. ಆಂಪ್ಲಿಫೈಯರ್ ಪಕ್ಕದಲ್ಲಿ ಪೈಕೋರ್‌ಪ್ಲೇಯರ್ ಎಂಬ ಪ್ಲೇಯರ್ ತಂತ್ರಾಂಶ ಓಡಿಸುವ, ರಾಸ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರ್ ಇದೆ. ಅದು ಆನ್ ಆದೊಡನೆ ಇಡೀ ವ್ಯವಸ್ಥೆಯನ್ನು ರ‍್ಯಾಮ್‌ಗೆ ತುಂಬಿಕೊಳ್ಳುವುದರಿಂದ ವಿದ್ಯುತ್ ತಟ್ಟನೆ ಹೋದರೂ ಮೆಮೊರಿ ಕಾರ್ಡು ಹಾಳಾಗುವ ಭಯ ಕಡಿಮೆ. ವೈಫೈಯಲ್ಲಿ ಸಿಡಿಗಿಂತ ಹೆಚ್ಚು ವಿವರದ 24 ಬಿಟ್, 192 ಕಿಲೋಹರ್ಟ್ಸ್ ಫೈಲುಗಳು ಆಗಾಗ ತಡವರಿಸುತ್ತಿದ್ದವು. ಈಥರ್ನೆಟ್ ತಂತಿ ಎಳೆದ ದಿನದಿಂದ ಆ ಕಾಟವಿಲ್ಲ. ಅಂಥ ಫೈಲಿಗೂ ಬೇಕಾದದ್ದು ಸೆಕೆಂಡಿಗೆ ಹೆಚ್ಚೆಂದರೆ 9.2 ಮೆಗಾಬಿಟ್, ಆದ್ದರಿಂದ ಸಾಧಾರಣ ತಂತಿ ಧಾರಾಳವಾಗಿ ಸಾಕು. ಸಂಗ್ರಹದ ಪ್ರತಿಗಳು ಎರಡು: ಒಂದು ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಒಂದೇ ಫೈಲನ್ನು ಎರಡು ಡಿಸ್ಕುಗಳಲ್ಲಿ ಒಟ್ಟಿಗೇ ಬರೆಯುವ ರೇಡ್ ಇದ್ದರೆ ಬ್ಯಾಕಪ್ ಬೇಡ ಎನ್ನುವವರ ಮಾತು ಕೇಳಬೇಡಿ. ಕೈತಪ್ಪಿ ಅಳಿಸಿದ್ದು ಅಲ್ಲಿ ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಸಿಹೋಗುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಸರ್ವರನ್ನು ಬೇಕೆಂದೇ ಆಫ್ ಮಾಡಿದೆ. ಮನೆಯಲ್ಲಿದ್ದ ಪ್ರತಿಯ ಡಿಸ್ಕನ್ನು ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿ, ಅದುವರೆಗೆ ಬಳಸಿರದ ಬೇರೊಂದು ತಂತ್ರಾಂಶಕ್ಕೆ ಓದಿಸಿದೆ. ಅರ್ಧ ಗಂಟೆಯೊಳಗೆ 620 ಮುಖಪುಟಗಳೂ ಪರದೆಯ ಮೇಲೆ ಸಾಲಾಗಿ ಬಂದವು. ಹುಡುಕುವ ಜಾಗದಲ್ಲಿ ‘ಟ್ರ್ಯಾಕ್ 01’ ಎಂದು ಟೈಪ್ ಮಾಡಿದೆ. ಏನೂ ಸಿಗಲಿಲ್ಲ. ಆ ಪಿಟೀಲು ವಾದಕರ ಹೆಸರನ್ನು ಟೈಪ್ ಮಾಡಿದೆ, ಪಕ್ಕವಾದ್ಯದವರ ಹೆಸರುಗಳೊಂದಿಗೆ ಬಂತು.