ಕರೆಂಟ್ ಹೋದರೂ ಸಾಯದ ಫಿಲ್ಟರ್: ನನ್ನ ಅನುಭವ

ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ಕಾಫಿ ತೋಟದ ಒಳಗೆ. ಕಕ್ಕಡದ (ಆಟಿ ತಿಂಗಳ) ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಸಿಲ್ವರ್ ಓಕ್ ಮರ ಲೈನಿನ ಮೇಲೆ ಬೀಳುತ್ತದೆ. ಆಮೇಲೆ ಎರಡು ದಿನ, ಕೆಲವು ಸಲ ಮೂರು ದಿನ ಕರೆಂಟ್ ಇಲ್ಲ. ಲೈನ್‌ಮನ್‌ಗಳು ಅದೇ ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತುತ್ತಾರೆ, ಅವರನ್ನು ದೂರುವುದು ತಪ್ಪು. ಆದರೆ ಇಂಥ ಕಡೆ ಮೀನು ಸಾಕುವವರು ಫಿಲ್ಟರ್ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಕರೆಂಟ್ ಇಲ್ಲದಾಗ ಇದರ ಒಳಗೆ ಏನಾಗುತ್ತದೆ? ನಾನು ಅದನ್ನು ಕೇಳದೆ ತಂದಿದ್ದೆ.

ಟ್ಯಾಂಕ್ ಬೇಕು ಎಂದು ಹಠ ಹಿಡಿದವಳು ಮಗಳು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಕಲ್ಲು, ಮರಳು ಕಳೆದರೆ 60 ಲೀಟರ್ ನೀರು ಹಿಡಿಯುತ್ತದೆ. ಮೈಸೂರಿನ ಒಂದು ಅಂಗಡಿಯಿಂದ ಟ್ಯಾಂಕ್, ನಾಲ್ಕು ಚಿಕ್ಕ ಗೋಲ್ಡ್‌ಫಿಶ್, ಒಂದು ಕ್ಯಾನಿಸ್ಟರ್ ಫಿಲ್ಟರ್ ತಂದೆವು. ಕ್ಯಾನಿಸ್ಟರ್ ಅಂದರೆ ಸ್ಟ್ಯಾಂಡಿನ ಕೆಳಗೆ ಕೂರುವ ಮುಚ್ಚಿದ ಡಬ್ಬ. ಒಂದು ಪೈಪಿನಲ್ಲಿ ನೀರು ಇಳಿಯುತ್ತದೆ, ಒಳಗಿನ ಸ್ಪಂಜು, ಸೆರಾಮಿಕ್ ರಿಂಗ್‌ಗಳ ಮೂಲಕ ಹಾದು ಇನ್ನೊಂದರಲ್ಲಿ ಮೇಲೆ ಬರುತ್ತದೆ. ಸದ್ದಿಲ್ಲ, ನೀರು ಗಾಜಿನ ಹಾಗೆ ತಿಳಿ. ಏಳು ತಿಂಗಳು ಒಂದು ತೊಂದರೆಯೂ ಇರಲಿಲ್ಲ.

ಜುಲೈನಲ್ಲಿ ಕರೆಂಟ್ ಹೋಯಿತು. ಎರಡು ದಿನ ಮೀನುಗಳು ಚೆನ್ನಾಗಿಯೇ ಇದ್ದವು. ಗಾಳಿ ಸೇರಲಿ ಎಂದು ಮಗಳು ಗಂಟೆಗೊಮ್ಮೆ ಮಗ್ಗಿನಲ್ಲಿ ನೀರು ಎತ್ತಿ ಸುರಿಯುತ್ತಿದ್ದಳು. ಮೂರನೇ ದಿನ ರಾತ್ರಿ ಕರೆಂಟ್ ಬಂತು, ಫಿಲ್ಟರ್ ತಾನಾಗಿಯೇ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಕೋಣೆ ತುಂಬ ಕೊಳೆತ ಮೊಟ್ಟೆಯ ವಾಸನೆ. ಪೈಪಿನ ಬಾಯಿಂದ ಕಪ್ಪು ನೀರು ಬರುತ್ತಿತ್ತು. ಸ್ವಿಚ್ ಆರಿಸಿ ಅರ್ಧ ನೀರು ಬದಲಾಯಿಸಿದೆ. ಬೆಳಿಗ್ಗೆ ನಾಲ್ಕರಲ್ಲಿ ಮೂರು ಮೀನು ತೇಲುತ್ತಿದ್ದವು. ಉಳಿದ ಒಂದೂ ವಾರ ಬದುಕಲಿಲ್ಲ. ಮಗಳ ಮುಖ ನೋಡುವುದು ಕಷ್ಟವಾಯಿತು.

ಮೀನುಗಳನ್ನು ಕೊಂದದ್ದು ಕರೆಂಟ್ ಹೋದದ್ದಲ್ಲ, ಅದು ಬಂದ ಮೇಲೆ ಓಡಿದ ಫಿಲ್ಟರ್. ಇದು ಆಮೇಲೆ ಅರ್ಥವಾಯಿತು. ಫಿಲ್ಟರ್ ಕಸ ಹಿಡಿಯುವ ಜರಡಿ ಅಂತ ನಾನು ತಿಳಿದಿದ್ದೆ. ಅದರ ದೊಡ್ಡ ಕೆಲಸ ಬೇರೆ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ಬರುವ ಅಮೋನಿಯಾ ವಿಷ. ಸ್ಪಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅಷ್ಟು ಅಪಾಯವಿಲ್ಲ. ಈ ಎರಡಕ್ಕೂ ಆಮ್ಲಜನಕ ಬೇಕೇ ಬೇಕು. ಮುಚ್ಚಿದ ಡಬ್ಬದಲ್ಲಿ ನೀರು ನಿಂತರೆ ಇರುವ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತಾ ಹೋಗುತ್ತವೆ, ಕಸ ಕೊಳೆಯುತ್ತದೆ. ಕರೆಂಟ್ ಬಂದ ಕೂಡಲೇ ಅದೆಲ್ಲ ಟ್ಯಾಂಕಿಗೆ.

ಎರಡನೇ ಸಲ ಶುರು ಮಾಡುವಾಗ ಟ್ಯಾಂಕಿನ ಹಿಂಬದಿಗೆ ತೂಗುಹಾಕುವ ಫಿಲ್ಟರನ್ನೂ ನೋಡಿದೆ. ಅದರ ಮೋಟಾರ್ ನಿಂತಾಗ ನೀರು ಕೆಳಗಿಳಿದರೆ, ಕರೆಂಟ್ ಬಂದಾಗ ಕೆಲವು ಸಲ ನೀರು ಎಳೆಯದೆ ಒಣಗಿಯೇ ಓಡುತ್ತದೆ. ಅರ್ಧ ದಿನ ತೋಟದಲ್ಲೇ ಇರುವ ನನಗೆ ಅದು ಆಗದು. ಕೊನೆಗೆ ಆರಿಸಿದ್ದು ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಸ್ಪಂಜ್ ಫಿಲ್ಟರ್. ಒಂದಲ್ಲ, ಎರಡು.

ಸ್ಪಂಜ್ ಫಿಲ್ಟರ್ ಟ್ಯಾಂಕಿನ ಒಳಗೇ ಕೂರುತ್ತದೆ. ಏರ್ ಪಂಪಿನ ಗಾಳಿ ಅದರ ನಡುವಿನ ಕೊಳವೆಯಲ್ಲಿ ಗುಳ್ಳೆಯಾಗಿ ಮೇಲೇರುತ್ತದೆ. ಗುಳ್ಳೆ ಏರಿದಂತೆ ಸುತ್ತಲಿನ ನೀರು ಸ್ಪಂಜಿನ ಮೂಲಕ ಒಳಗೆ ಬರುತ್ತದೆ. ಪಂಪ್ ನಿಂತರೂ ಸ್ಪಂಜಿನ ಸುತ್ತ ಟ್ಯಾಂಕಿನ ನೀರು ಇದ್ದೇ ಇರುತ್ತದೆ. ಬ್ಯಾಕ್ಟೀರಿಯಾ ಜಾಸ್ತಿ ಹೊತ್ತು ತಡೆಯುತ್ತವೆ. ಅದಕ್ಕಿಂತ ದೊಡ್ಡ ಲಾಭ ಏನೆಂದರೆ, ಇದನ್ನು ಓಡಿಸಲು ಗಾಳಿ ಸಾಕು. ಗಾಳಿಯನ್ನು ಬ್ಯಾಟರಿಯಿಂದಲೂ ಕೊಡಬಹುದು, ಅಲ್ವಾ?

ಜೋಡಿಸುವುದು ಸುಲಭ. ಹೊಸ ಸ್ಪಂಜು ತೇಲುತ್ತದೆ, ನೀರಿನೊಳಗೆ ಹಿಡಿದು ನಾಲ್ಕೈದು ಸಲ ಹಿಂಡಿದರೆ ಕೂರುತ್ತದೆ. ಎರಡು ಮೂಲೆಗೆ ಎರಡು, ಎರಡು ಬಾಯಿಯ ಒಂದು ಏರ್ ಪಂಪ್. ಗುಳ್ಳೆಯ ಗುಡುಗುಡು ಸದ್ದು ನಿದ್ದೆ ಕೆಡಿಸುತ್ತಿತ್ತು. ಕೊಳವೆಯೊಳಗೆ ಚಿಕ್ಕ ಏರ್ ಸ್ಟೋನ್ ಇಳಿಸಿದೆ, ಗುಳ್ಳೆ ಸಣ್ಣದಾಗಿ ಸದ್ದು ತಗ್ಗಿತು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಪೈಪುಗಳ ನಡುವೆ ಚೆಕ್ ವಾಲ್ವ್ ಕೂಡ ಇದೆ. ಪಂಪ್ ಕೆಳಗಿದ್ದು ವಾಲ್ವ್ ಇಲ್ಲದಿದ್ದರೆ, ಕರೆಂಟ್ ಹೋದಾಗ ನೀರು ಅದೇ ಸಣ್ಣ ಪೈಪಿನಲ್ಲಿ ಹಿಂದೆ ಬಂದು ಪಂಪಿಗೂ ನೆಲಕ್ಕೂ ಇಳಿಯುತ್ತದೆ. ಕರೆಂಟ್ ಹೋಗುವುದು ಖಂಡಿತ ಎಂದಿರುವ ಊರಿನಲ್ಲಿ ಈ ವಾಲ್ವ್ ಬಿಡಬೇಡಿ.

ಬ್ಯಾಕ್ಟೀರಿಯಾ ನೆಲೆಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅವುಗಳಿಗೆ 25ರಿಂದ 30 ಡಿಗ್ರಿ ಇಷ್ಟ. ನಮ್ಮ ಟ್ಯಾಂಕಿನ ನೀರು ಮಳೆಗಾಲದಲ್ಲಿ 20 ದಾಟುವುದಿಲ್ಲ, ಇಲ್ಲಿ ಎಲ್ಲವೂ ನಿಧಾನ. ಹಾಗಾಗಿ ಒಂದು ಹೊಸ ಸ್ಪಂಜನ್ನು ವಿರಾಜಪೇಟೆಯ ಸ್ನೇಹಿತರ ಹಳೆಯ ಟ್ಯಾಂಕಿನಲ್ಲಿ ಒಂದು ತಿಂಗಳು ಇಟ್ಟೆ. ತರುವಾಗ ಅದೇ ಟ್ಯಾಂಕಿನ ನೀರಿನೊಂದಿಗೆ ಡಬ್ಬಕ್ಕೆ ಹಾಕಿ, ಎಲ್ಲೂ ನಿಲ್ಲದೆ ಮನೆಗೆ ಬಂದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡಿತು. ಹೆಪ್ಪು ತರುವ ಟ್ಯಾಂಕಿನಲ್ಲಿ ಮೀನಿಗೆ ರೋಗ ಇರಬಾರದು, ಅಷ್ಟು ನೋಡಿಕೊಳ್ಳಿ. ಮೀನುಗಳೂ ಬೇರೆ ಈಗ: ಹತ್ತು ಜೀಬ್ರಾ ಡ್ಯಾನಿಯೋ, ಆರು ರೋಸಿ ಬಾರ್ಬ್. ಎರಡೂ ತಣ್ಣನೆ ನೀರು ತಡೆಯುತ್ತವೆ. ಮೂರು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಹೀಟರ್ ನಂಬಿ ಬದುಕುವ ಮೀನು ತರಬಾರದು.

ಇಷ್ಟೆಲ್ಲ ಆಗಿ ಐದಾರು ತಿಂಗಳಿಗೆ ಮತ್ತೆ ಅಮೋನಿಯಾ ಏರಿತು. ಸ್ಪಂಜು ಸರಿಯಿತ್ತು, ಗಾಳಿ ಸರಿಯಿತ್ತು. ತಪ್ಪಿದ್ದು ನೀರಿನಲ್ಲಿ. ನಮ್ಮ ಬಾವಿ ನೀರು ತುಂಬ ಮೆದು, ಅದರಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು. ಅಮೋನಿಯಾವನ್ನು ಬದಲಿಸುವಾಗ ಬ್ಯಾಕ್ಟೀರಿಯಾ ನೀರಿನ ಕ್ಷಾರವನ್ನು ತಿನ್ನುತ್ತವೆ. ಅಮೋನಿಯಾದಲ್ಲಿರುವ 1 ಗ್ರಾಂ ಸಾರಜನಕಕ್ಕೆ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ, ಸುಮಾರು 7 ಗ್ರಾಂ ಕ್ಷಾರ ಬೇಕು. ಅದು ಮುಗಿದರೆ ಪಿಎಚ್ ಕುಸಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ನೀರು ಪರೀಕ್ಷಿಸುವ ನನ್ನ ಕಿಟ್‌ನಲ್ಲಿ ಪಿಎಚ್ 6ರ ಬಣ್ಣ ತೋರಿತು, ಅದಕ್ಕಿಂತ ಕೆಳಗೆ ಅಳೆಯಲು ಅದರಲ್ಲಿ ಬಣ್ಣವೇ ಇಲ್ಲ.

ತೋಟದ ಮಣ್ಣು ಹುಳಿಯಾದರೆ ಸುಣ್ಣ ಹಾಕುವುದು ನಮಗೆ ಹೊಸದೇನಲ್ಲ. ಆದರೆ ಆ ಸುಣ್ಣವನ್ನು ಟ್ಯಾಂಕಿಗೆ ಹಾಕಬಾರದು. ಅಡುಗೆ ಸೋಡಾ ಒಂದು ಚಮಚ ಸುರಿಯಿರಿ ಎಂದವರೂ ಇದ್ದರು. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಹೆಚ್ಚಾಗಿ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರುತ್ತದೆ. ಪಿಎಚ್ ಒಮ್ಮೆಲೇ ಏರಿಸಿದರೆ ಅದೇ ಮತ್ತೆ ವಿಷವಾಗುತ್ತದೆ. ನಾನು ದಿನಕ್ಕೆ ಐದೈದು ಲೀಟರ್ ನೀರು ಬದಲಾಯಿಸುತ್ತಾ ಮೊದಲು ಅಮೋನಿಯಾ ಇಳಿಸಿದೆ. ಆಮೇಲೆ ಮಂಗಳೂರು ಕಡೆಯ ನೆಂಟರು ತಂದುಕೊಟ್ಟ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪುಗಳನ್ನು ಕುದಿಸಿ, ಉಜ್ಜಿ ತೊಳೆದು, ಎರಡು ಹಿಡಿಯಷ್ಟನ್ನು ಬಲೆ ಚೀಲದಲ್ಲಿ ಕಟ್ಟಿ ಸ್ಪಂಜಿನ ಪಕ್ಕ ಇಟ್ಟೆ. ಚಿಪ್ಪಿನಲ್ಲಿರುವುದೂ ಕ್ಯಾಲ್ಸಿಯಂ ಕಾರ್ಬೋನೇಟೇ. ನೀರು ಹುಳಿಯಾದಾಗ ಚಿಪ್ಪು ಕರಗುತ್ತದೆ, ಸರಿಯಾದಾಗ ಕರಗುವುದು ತಾನೇ ತಗ್ಗುತ್ತದೆ. ಮೂರು ವಾರದಲ್ಲಿ ಪಿಎಚ್ 7ರ ಹತ್ತಿರ ಬಂತು, ಅಮೋನಿಯಾ ಸೊನ್ನೆ.

ಈಗ ಕರೆಂಟ್ ಹೋದರೆ ಏನು ಮಾಡುತ್ತೇವೆ ಹೇಳುತ್ತೇನೆ. ಮೊದಲು ಆಹಾರ ಬಂದ್. ಆರೋಗ್ಯವಾಗಿರುವ, ಬೆಳೆದ ಮೀನು ಒಂದು ವಾರ ತಿನ್ನದೆ ಇರಬಲ್ಲದು, ತಿನ್ನದಿದ್ದರೆ ಅಮೋನಿಯಾವೂ ಕಡಿಮೆ. ಆಮೇಲೆ ಯುಎಸ್‌ಬಿ ಏರ್ ಪಂಪನ್ನು ಪವರ್ ಬ್ಯಾಂಕಿಗೆ ಸಿಕ್ಕಿಸುತ್ತೇವೆ. ಒಂದೂವರೆ ವಾಟ್‌ನ ಪಂಪ್, 20000 ಎಂಎಎಚ್ ಬ್ಯಾಂಕ್, ಒಂದು ದಿನಕ್ಕೂ ಜಾಸ್ತಿ ಓಡುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಸಣ್ಣ ಲೋಡ್ ಇದ್ದರೆ ತಾವಾಗಿಯೇ ಆರಿಹೋಗುತ್ತವೆ, ಬೇಸಿಗೆಯಲ್ಲೇ ಒಂದು ರಾತ್ರಿ ಓಡಿಸಿ ನೋಡಿಕೊಳ್ಳಿ. ನಮ್ಮಲ್ಲಿ ಎರಡು ಇವೆ. ಒಂದು ಓಡುತ್ತಿದ್ದರೆ ಇನ್ನೊಂದು ಜೀಪಿನಲ್ಲಿ ಚಾರ್ಜ್ ಆಗುತ್ತದೆ. ಇನ್ವರ್ಟರ್ ಇದೆ, ಆದರೆ ಲೈಟು, ಮೊಬೈಲು ಅಂತ ಅದು ಮೊದಲ ರಾತ್ರಿಗೇ ಸೋಲುತ್ತದೆ. ನಮ್ಮ ಚಳಿಯೂ ಸಹಾಯ ಮಾಡುತ್ತದೆ: 30 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಹಿಡಿದರೆ 20 ಡಿಗ್ರಿಯಲ್ಲಿ ಸುಮಾರು 9 ಹಿಡಿಯುತ್ತದೆ. ನಮ್ಮ ಎತ್ತರಕ್ಕೆ ಎರಡೂ ಸ್ವಲ್ಪ ಕಡಿಮೆ.

ತೊಳೆಯುವ ಕೆಲಸ ಮಗಳದು. ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ತೆಗೆದು, ಅದರಲ್ಲಿ ಸ್ಪಂಜನ್ನು ಹಿಂಡುತ್ತಾಳೆ. ಒಂದು ತಿಂಗಳು ಎಡಗಡೆಯದು, ಮುಂದಿನ ತಿಂಗಳು ಬಲಗಡೆಯದು. ಎರಡನ್ನೂ ಒಂದೇ ದಿನ ಮುಟ್ಟುವುದಿಲ್ಲ. ಹಿಂಡಿದ ನೀರು ಮಲ್ಲಿಗೆ ಗಿಡಕ್ಕೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಅದರಲ್ಲಿರುವ ಕ್ಲೋರಿನ್ ಮೀನಿಗೂ ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಆಗದು. ಮೊದಲೇ ಎರಡು ಡ್ರಮ್ಮಿನಲ್ಲಿ ತುಂಬಿಟ್ಟ ನೀರು ಇರುತ್ತದೆ, ಅಷ್ಟು ದಿನ ಅದೇ ಸಾಕು. ಕಳೆದ ಮಳೆಗಾಲದಲ್ಲಿ ಒಮ್ಮೆ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮರುದಿನ ಬೆಳಿಗ್ಗೆ ಅವಳು ಕಿಟ್ ಹಿಡಿದು ಕೂತು, "ಅಪ್ಪ, ಅಮೋನಿಯಾ ಸೊನ್ನೆ, ಹದಿನಾರೂ ಇವೆ" ಎಂದು ತೋಟಕ್ಕೆ ಕೇಳುವ ಹಾಗೆ ಕೂಗಿ ಹೇಳಿದಳು.