ಮಣ್ಣಿನ ಇಟ್ಟಿಗೆಗೆ ನಾವು ಬರೆದುಕೊಂಡ ನಿಯಮ

ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆದ ಮಣ್ಣಿನ ಇಟ್ಟಿಗೆಗೆ ಭಾರತದಲ್ಲಿ ಮಾನಕವೇ ಇಲ್ಲ ಎಂದು ಹಲವು ಎಂಜಿನಿಯರುಗಳು ಈಗಲೂ ನಂಬಿದ್ದಾರೆ. ಐಎಸ್ 1725 ಎಂಬ ಮಾನಕ 1960ರಿಂದಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಈ ಇಟ್ಟಿಗೆಯ ಮೇಲೆ ದಶಕಗಳ ಕಾಲ ದುಡಿದಿದೆ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಅವರಂಥವರ ಸಂಶೋಧನೆ ನಮ್ಮ ಕೈಯಳತೆಯಲ್ಲೇ ಇತ್ತು. ಆದರೂ ತುಮಕೂರು ಜಿಲ್ಲೆಯಲ್ಲಿ ಎರಡು ಅಂತಸ್ತಿನ ಶಾಲೆಯೊಂದನ್ನು ಈ ಇಟ್ಟಿಗೆಯಲ್ಲಿ ಕಟ್ಟಲು ಹೊರಟಾಗ, ಮಂಜೂರಾತಿ ಕೊಡಬೇಕಿದ್ದ ಕಚೇರಿಯಿಂದ ನಮ್ಮ ಕಡತ ಹಿಂದಿರುಗಿ ಬಂತು. ‘ಕಚ್ಚಾ ಗೋಡೆ, ಶಾಲೆಗೆ ಸೂಕ್ತವಲ್ಲ’ ಎಂಬ ಷರಾ ಬರೆದಿದ್ದರು. ಇದು 2013ಕ್ಕೆ ಮೊದಲಿನ ಮಾತು.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಮಾನಕಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಆ ಅಧಿಕಾರಿಯ ಅಂಜಿಕೆಗೂ ಒಂದು ಕಾರಣ ಕಂಡಿತು. ಆಗ ಚಾಲ್ತಿಯಲ್ಲಿದ್ದ ಐಎಸ್ 1725ರ 1982ರ ಆವೃತ್ತಿಯಲ್ಲಿ ಇದ್ದದ್ದು 20 ಮತ್ತು 30 ಎಂಬ ಎರಡೇ ವರ್ಗ. ಚದರ ಸೆಂಟಿಮೀಟರಿಗೆ ಅಷ್ಟು ಕಿಲೋ ಭಾರ ತಾಳಿದರೆ ಸಾಕು ಎಂದು ಅರ್ಥ. ಗೋಡೆಯ ವಿನ್ಯಾಸಕ್ಕೆ ಎಲ್ಲರೂ ನೋಡುವ ಐಎಸ್ 1905ರ ಕೋಷ್ಟಕವಾದರೋ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಸಾಮರ್ಥ್ಯದ ಇಟ್ಟಿಗೆಯಿಂದ ಆರಂಭವಾಗುತ್ತದೆ. 30ರ ವರ್ಗವನ್ನು ಅದೇ ಲೆಕ್ಕಕ್ಕೆ ತಂದರೆ ಮೂರು ನ್ಯೂಟನ್ ಕೂಡ ತುಂಬುವುದಿಲ್ಲ. ಒಂದು ಮಾನಕ ಒಪ್ಪಿದ ಇಟ್ಟಿಗೆಗೆ ಇನ್ನೊಂದು ಮಾನಕದ ಮೊದಲ ಸಾಲಿನಲ್ಲೂ ಜಾಗವಿರಲಿಲ್ಲ. ಕಡತಕ್ಕೆ ಸಹಿ ಹಾಕುವವರು ಯಾವ ಧೈರ್ಯದ ಮೇಲೆ ಹಾಕಬೇಕು?

ದಾರಿ ಸಿಕ್ಕಿದ್ದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ. ಸಂಹಿತೆಯಲ್ಲಿ ಹೆಸರಿಸದ ಸಾಮಗ್ರಿ ಮತ್ತು ವಿಧಾನಗಳನ್ನು ಅದು ತಡೆಯುವುದಿಲ್ಲ. ಅವು ಉದ್ದೇಶಕ್ಕೆ ತಕ್ಕವು ಎಂದು ಪರೀಕ್ಷೆಗಳಿಂದ ಸಿದ್ಧವಾದರೆ ಪ್ರಾಧಿಕಾರ ಒಪ್ಪಬಹುದು. ಈ ಅವಕಾಶ ಹಿಡಿದುಕೊಂಡು ನಮ್ಮ ಕಟ್ಟಡಕ್ಕಾಗಿಯೇ ಒಂದು ನಿಯಮಾವಳಿ ಬರೆಯಲು ಕುಳಿತೆವು. ಮಾದರಿಯಾಗಿ ಇಟ್ಟುಕೊಂಡದ್ದು ನ್ಯೂಜಿಲೆಂಡಿನವರು 1998ರಲ್ಲಿ ತಂದ ಮೂರು ಮಾನಕಗಳನ್ನು. ವಿನ್ಯಾಸಕ್ಕೆ ಒಂದು, ಸಾಮಗ್ರಿ ಮತ್ತು ಕೆಲಸಗಾರಿಕೆಗೆ ಒಂದು, ಪ್ರತ್ಯೇಕ ವಿನ್ಯಾಸ ಬೇಡದ ಸಣ್ಣ ಕಟ್ಟಡಗಳಿಗೆ ಇನ್ನೊಂದು. ನಾನು ಹೆಚ್ಚು ಓದಿದ್ದು ಎರಡನೆಯದನ್ನು. ಕೆಲಸದ ಜಾಗದಲ್ಲೇ ಮಾಡಬಹುದಾದ ಪರೀಕ್ಷೆಗಳಿಗೆ ಅದರಲ್ಲಿ ದೊಡ್ಡ ಮರ್ಯಾದೆಯಿದೆ. ಮಣ್ಣಿನ ನಿಯಮ ಮೇಸ್ತ್ರಿಯ ಕೈಗೆ ಸಿಗುವಂತಿರಬೇಕು ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಅದನ್ನು ಓದುವಾಗಲೇ. ಕಾರ್ಖಾನೆಯಿಂದ ಬರುವ ಸಿಮೆಂಟ್ ಚೀಲದ ಮೇಲೆ ಗುಣಮಟ್ಟದ ಮುದ್ರೆ ಇರುತ್ತದೆ. ಮಣ್ಣು ಗುಂಡಿಯಿಂದ ಗುಂಡಿಗೆ ಬದಲಾಗುತ್ತದೆ. ನಮ್ಮಲ್ಲಿ ಶಾಲೆಯ ಹಿತ್ತಿಲಿನ ಕೆಂಪು ಮಣ್ಣಿಗೂ ಕೆರೆಯ ಕಡೆಯ ಎರೆ ಮಣ್ಣಿಗೂ ಸಂಬಂಧವೇ ಇರಲಿಲ್ಲ. ಎರೆ ಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಅದನ್ನು ಬಳಸಕೂಡದು ಎಂದೇ ಬರೆದೆವು.

ಅತಿ ಹೆಚ್ಚು ಚರ್ಚೆಯಾದದ್ದು ಒತ್ತುವ ಯಂತ್ರದ ಕಲಮು. ‘ಇಷ್ಟು ಒತ್ತಡದಲ್ಲಿ ಒತ್ತಬೇಕು’ ಎಂದು ಬರೆಯೋಣ ಎಂಬುದು ಜೊತೆಗಾರರ ಸಲಹೆ. ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಡವನ್ನು ಅಳೆಯುವವರು ಯಾರು? ಆ ಯಂತ್ರದ ಸನ್ನೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ, ಆದ್ದರಿಂದ ಇಟ್ಟಿಗೆಯ ದಪ್ಪ ಬದಲಾಗುವುದಿಲ್ಲ. ಬದಲಾಗುವುದು ಅಚ್ಚಿಗೆ ಬಿದ್ದ ಮಣ್ಣಿನ ತೂಕ ಮಾತ್ರ. ಕಡಿಮೆ ಹಾಕಿದರೆ ಸನ್ನೆ ಹಗುರವಾಗಿ ಇಳಿಯುತ್ತದೆ, ಇಟ್ಟಿಗೆ ಪೊಳ್ಳಾಗುತ್ತದೆ. ಹೆಚ್ಚಾದರೆ ಇಬ್ಬರು ಜೋತುಬಿದ್ದರೂ ಇಳಿಯುವುದಿಲ್ಲ. ನಮ್ಮ ಇಟ್ಟಿಗೆಯ ಅಳತೆ 305, 143, 100 ಮಿಲಿಮೀಟರ್. ಘನ ಸೆಂಟಿಮೀಟರಿಗೆ 1.8 ಗ್ರಾಂ ಒಣ ಸಾಂದ್ರತೆ ಬೇಕೆಂದರೆ ಒಣ ಲೆಕ್ಕದಲ್ಲಿ ಸುಮಾರು 7.85 ಕಿಲೋ, ಶೇಕಡ 10ರಷ್ಟು ತೇವ ಸೇರಿದರೆ ಸುಮಾರು 8.6 ಕಿಲೋ. ಹಾಗಾಗಿ ಒತ್ತಡದ ಮಾತನ್ನೇ ಬಿಟ್ಟು, ‘ಪ್ರತಿ ಅಚ್ಚಿನ ಮಣ್ಣನ್ನೂ ತೂಗಿಯೇ ಹಾಕಬೇಕು’ ಎಂದು ಬರೆದೆವು. ಯಂತ್ರದ ಪಕ್ಕದಲ್ಲೇ ತಕ್ಕಡಿ ಬಂದು ನಿಂತಿತು. ಮಣ್ಣು ತುಂಬುತ್ತಿದ್ದ ಹೆಂಗಸರು ಕೆಲವೇ ದಿನಗಳಲ್ಲಿ ಬಾಂಡಲಿಯನ್ನು ಕೈಯಲ್ಲಿ ಎತ್ತಿದೊಡನೆ ಹೆಚ್ಚುಕಡಿಮೆ ಹೇಳುವಷ್ಟು ಪಳಗಿದರು. ತೂಗುವುದನ್ನು ಮಾತ್ರ ಬಿಡಲಿಲ್ಲ.

ಇನ್ನೊಂದು ಮುಖ್ಯ ಕಲಮು ಒದ್ದೆ ಸಾಮರ್ಥ್ಯದ್ದು. ಒಣ ಮಣ್ಣಿನ ಇಟ್ಟಿಗೆ ಯಾರನ್ನೂ ನಂಬಿಸುವಷ್ಟು ಗಟ್ಟಿಯಾಗಿರುತ್ತದೆ. ಸಿಮೆಂಟ್ ಇಲ್ಲದಿದ್ದರೆ ಅದೇ ಇಟ್ಟಿಗೆ ನೀರಿನಲ್ಲಿ ಕರಗಿಹೋಗುತ್ತದೆ. ಅದಕ್ಕೇ 48 ಗಂಟೆ ನೆನೆಸಿದ ಮೇಲಿನ ಫಲಿತಾಂಶವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಅದು 3.5 ನ್ಯೂಟನ್ನಿಗಿಂತ ಕಡಿಮೆಯಾಗಬಾರದು ಎಂದು ಬರೆದೆವು. ವಿನ್ಯಾಸದ ಕೋಷ್ಟಕ ಶುರುವಾಗುವ ಜಾಗಕ್ಕೇ ನಮ್ಮ ಇಟ್ಟಿಗೆಯನ್ನು ತಂದು ನಿಲ್ಲಿಸಿದಂತಾಯಿತು. ಮರಳು ಸೇರಿಸಿ, ಸಿಮೆಂಟನ್ನು ಶೇಕಡ 7ಕ್ಕೆ ಏರಿಸಿ, ಒದ್ದೆ ಗೋಣಿಯ ಕೆಳಗೆ ನಾಲ್ಕು ವಾರ ಕ್ಯೂರಿಂಗ್ ಮಾಡಿದಾಗ ಇಟ್ಟಿಗೆ ಆ ಮಟ್ಟ ದಾಟಿತು.

ಪ್ರಯೋಗಾಲಯದ ವರದಿಯೊಂದಿಗೆ ನಿಯಮಾವಳಿಯನ್ನು ಸಲ್ಲಿಸಿದೆವು. ಷರಾ ಬರೆದಿದ್ದ ಅಧಿಕಾರಿ ಸ್ವತಃ ಬಂದು ನೀರಿನ ತೊಟ್ಟಿಯಿಂದ ಒಂದು ಇಟ್ಟಿಗೆ ಎತ್ತಿ, ಅದರ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ‘ತೂಕದ ದಾಖಲೆ ಪುಸ್ತಕವನ್ನು ನನಗೂ ಕಳಿಸುತ್ತಿರಿ’ ಎಂದರು. ಮಂಜೂರಾತಿ ಬಂತು. ಆ ಪುಸ್ತಕವನ್ನು ಅವರು ನಿಜಕ್ಕೂ ಓದುತ್ತಿದ್ದರು. ಅಂಥ ಅಧಿಕಾರಿಗಳ ಬಗ್ಗೆ ನನಗೆ ತುಂಬು ಗೌರವವಿದೆ.

2013ರಲ್ಲಿ ಪರಿಷ್ಕೃತ ಐಎಸ್ 1725 ಬಂದಾಗ ಅದರ ಕನಿಷ್ಠ ವರ್ಗವೇ 3.5 ಆಗಿತ್ತು. ಎರಡು ಮಾನಕಗಳ ನಡುವಿನ ಕಂದಕ ಮುಚ್ಚಿತು. ಇಂದು ಇಟ್ಟಿಗೆಯ ವಿಷಯದಲ್ಲಿ ನಮಗೆ ಅಷ್ಟು ವಾದಿಸಬೇಕಾದ ಕೆಲಸವಿಲ್ಲ.

ಬಾಕಿ ಇರುವುದು ಸಿಮೆಂಟ್ ಸೋಕದ ಹಳೆಯ ಮಣ್ಣಿನ ಗೋಡೆಗಳ ಪ್ರಶ್ನೆ. ಬಯಲುಸೀಮೆಯ ಊರುಗಳಲ್ಲಿ ಗಟ್ಟಿಮುಟ್ಟಾದ ಇಂಥ ಮನೆಗಳ ಮೇಲೆ ಸಿಮೆಂಟ್ ಗಾರೆ ಬಳಿದು, ಒಳಗಿನ ತೇವ ಹೊರಬರದಂತೆ ಮಾಡಿ ಗೋಡೆ ಕೆಡಿಸುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವುಗಳ ದುರಸ್ತಿಗೂ ಒಂದು ನಿಯಮಾವಳಿಯ ಕರಡು ಮಾಡುತ್ತಿದ್ದೇವೆ. ಸೂರಿನ ಚಾಚು ಮತ್ತು ಬುಡದ ನೀರಿನ ಹರಿವು ಸರಿಯಾಗುವವರೆಗೆ ಗೋಡೆಗೆ ಕೈ ಹಚ್ಚಬಾರದು ಎಂಬುದು ಅದರ ಮೊದಲ ಕಲಮು. ಎರಡನೆಯದು ಗಾರೆಯದು, ಅದರಲ್ಲಿ ಸುಣ್ಣದ ಪ್ರಮಾಣ ಎಷ್ಟಿರಬೇಕೆಂದು ಹಳೆಯ ಮೇಸ್ತ್ರಿಗಳ ಜೊತೆ ಕುಳಿತು ಪರೀಕ್ಷಿಸುತ್ತಿದ್ದೇವೆ.